ಯಾರೂ ಕೊಳ್ಳಬಾರದ ದರ

ಆಫೀಸಿನಲ್ಲಿ ಎಲ್ಲರೂ ಅವಳನ್ನು ರೇಟಕ್ಕ ಎಂದೇ ಕರೆಯುತ್ತಿದ್ದರು. ಆಫೀಸು ಎಂದರೆ ದೊಡ್ಡದೇನೂ ಅಲ್ಲ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಅಲ್ಲಿ ತಯಾರಾಗುತ್ತಿದ್ದದ್ದು ಒಂದು ಆಟ. ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಯಾರು ಗೆಲ್ಲುತ್ತಾರೆ, ಎಷ್ಟು ಗೋಲು ಬೀಳುತ್ತವೆ ಎಂದು ಜನ ಫೋನಿನಲ್ಲಿ ಊಹಿಸಬೇಕು. ಊಹೆ ನಿಜವಾದರೆ ಅಂಕ, ಅಂಕ ಹೆಚ್ಚಾದವರಿಗೆ ಬಹುಮಾನ. ಆಡುವವರು ಕಾಸು ಬಿಚ್ಚಬೇಕಾಗಿರಲಿಲ್ಲ. ಬಿಚ್ಚುತ್ತಿದ್ದವರು ಚಹಾಪುಡಿಯವರು, ಟಯರಿನವರು. ಆಟದ ಮೇಲೆ ಅವರ ಹೆಸರು, ಅವರ ಗುರುತು ಅಂಟಿಸಿ ಕೊಟ್ಟರೆ ಆಟವೇ ಅವರದು ಎಂದು ಗಿರಾಕಿಗಳು ನಂಬುತ್ತಿದ್ದರು. ಆಟ ಕಟ್ಟಿದವನು ಅವಳ ಮೈದುನ. ಅದಕ್ಕೆ ದರ ಗೊತ್ತುಮಾಡುವವಳು ಅವಳು.

ಅವಳಿಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಗೊತ್ತಿದ್ದದ್ದು ಗಿರಾಕಿಯ ಮುಖ. ಮದುವೆಗೆ ಮುಂಚಿನಿಂದಲೂ ಪ್ರಿಂಟಿಂಗ್ ಪ್ರೆಸ್ಸಿನ ಮುಂದಿನ ಮೇಜಿನಲ್ಲಿ ಕೂತು, ಕರಪತ್ರಕ್ಕೆ ಇಷ್ಟು, ಬಣ್ಣದ ಪೋಸ್ಟರಿಗೆ ಇಷ್ಟು ಎಂದು ಹೇಳಿ ಹೇಳಿ ಅವಳ ಬಾಯಿ ಪಳಗಿತ್ತು. ಪ್ರೆಸ್ಸಿನ ಯಜಮಾನರು ಒಂದು ಉಪಾಯ ಕಲಿಸಿದ್ದರು: ಗಿರಾಕಿಯ ಮುಂದೆ ಒಂದೇ ದರ ಇಡಬಾರದು, ಮೂರು ಇಡಬೇಕು. ಸಣ್ಣದನ್ನು ಕೇಳಲು ಅವರಿಗೆ ನಾಚಿಕೆಯಾಗಬೇಕು, ದೊಡ್ಡದನ್ನು ಕಂಡು ಎದೆ ಧಸಕ್ಕೆನ್ನಬೇಕು. ಆಗ ಕೈ ತಾನಾಗಿ ನಡುವಿನದಕ್ಕೆ ಹೋಗುತ್ತದೆ. ನಡುವಿನದೇ ನಿಜವಾದ ದರ. ದೊಡ್ಡದು ಹೊಲದ ಬೆದರುಬೊಂಬೆಯ ಹಾಗೆ, ಸುಮ್ಮನೆ ನಿಂತಿದ್ದರೆ ಸಾಕು. ಈ ಉಪಾಯ ಅವಳಿಗೆ ಒಂದು ಸಲವೂ ಕೈಕೊಟ್ಟಿರಲಿಲ್ಲ.

ಆ ವರ್ಷ ಚಹಾಪುಡಿಯವರು ಆಟ ನಿಲ್ಲಿಸಿದರು. 'ನೋಡೋಣ' ಎಂದ ಟಯರಿನವರು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ. ಪ್ರೆಸ್ಸು ಎಂದೋ ಮುಚ್ಚಿತ್ತು, ಹಿಂತಿರುಗಿ ಹೋಗಲು ಅವಳಿಗೆ ಆ ಮೇಜೂ ಉಳಿದಿರಲಿಲ್ಲ. ಹೊಸ ಗಿರಾಕಿ ಸಿಗದಿದ್ದರೆ ಆಫೀಸಿಗೆ ಬೀಗ, ಒಂದೇ ಮನೆಯ ಎರಡು ಸಂಬಳಕ್ಕೂ ಕಲ್ಲು. ಅಂಥ ಹೊತ್ತಿನಲ್ಲಿ ಕರೆ ಬಂದದ್ದು ಬೂಟಿನ ಕಂಪನಿಯಿಂದ. ಊರೂರಲ್ಲೂ ಅಂಗಡಿ ಇದ್ದ ಕಂಪನಿ.

ರೇಟಕ್ಕ ಮೂರು ದರ ಬರೆದಳು. ದೊಡ್ಡದರ ಕೆಳಗೆ ಮನಸ್ಸಿಗೆ ಬಂದದ್ದನ್ನೆಲ್ಲ ತುಂಬಿದಳು: ಗೋಲು ಬಿದ್ದ ಕ್ಷಣದಲ್ಲೇ ಎಲ್ಲರ ಅಂಕ ಬದಲಾಗುವುದು, ಪಂದ್ಯ ನಡೆಯುವಷ್ಟು ಹೊತ್ತೂ ಆಡುವವರ ಫೋನಿಗೆ ಉತ್ತರ ಕೊಡುವುದು, ಅಂಗಡಿಗೊಂದು ಬೇರೆ ಬಹುಮಾನ. ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದವನು ಒಬ್ಬನೇ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎಂದು ಅವನನ್ನು ಮೌನಿ ಎನ್ನುತ್ತಿದ್ದರು. ಪಂದ್ಯ ಮುಗಿದ ಮೇಲೆ ಫಲಿತಾಂಶ ತುಂಬಿ ಅಂಕ ಹಂಚುವುದೇ ಅವನಿಗೆ ಕೈತುಂಬ ಕೆಲಸ. ಅವನು ಹಾಳೆ ಓದಿ ತಲೆ ಎತ್ತಿದ.

"ಇದನ್ನೆಲ್ಲ ಮಾಡೋದ್ಯಾರು ರೇಟಕ್ಕಾ, ನಿಮ್ಮ ಅತ್ತೆಯವರಾ?"

"ಅಯ್ಯೋ ಸುಮ್ನಿರಿ. ಅದನ್ನ ಯಾರೂ ತಗೊಳಲ್ಲ."

"ತಗೊಂಡ್ರೆ?"

"ತಗೊಂಡ್ರೆ ನಿಮಗೊಂದು ಜೊತೆ ಬೂಟು ಕೊಡಿಸ್ತೀನಿ, ಓಡಿಹೋಗೋಕೆ!"

ರೇಟಕ್ಕ, ಮೈದುನ ಇಬ್ಬರೂ ಹೋಗಿ ಕೂತ ಬೂಟಿನ ಕಂಪನಿಯ ಕೋಣೆಯಲ್ಲಿ ಗೋಡೆ ತುಂಬ ಬೂಟುಗಳು, ಎಲ್ಲವೂ ಬಲಗಾಲಿನವೇ. ಗಾಜಿನ ಮೇಜಿನಾಚೆ ಜಾಹೀರಾತಿನ ಮೇಡಂ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಹಾಳೆಯನ್ನು ಒಮ್ಮೆ ನೋಡಿದರು. ಸಣ್ಣ ದರದ ಮೇಲೆ ಕಣ್ಣು ನಿಲ್ಲಲಿಲ್ಲ. ನಡುವಿನದರ ಮೇಲೂ ನಿಲ್ಲಲಿಲ್ಲ. ಪೆನ್ನು ಹೋಗಿ ದೊಡ್ಡದರ ಮೇಲೆ ಕೂತಿತು.

"ಇದನ್ನ ಕೊಡಿ."

"ಖಂಡಿತ ಮೇಡಂ!" ಎಂದು ಮೈದುನ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

ಮೇಡಂ ಮಾತು ಮುಂದುವರಿಸಿದರು. "ಹೋದ ವರ್ಷ ಬೇರೆಯವರ ಹತ್ರ ಮಾಡಿಸಿದ್ವಿ. ಅಂಕ ಹಾಕೋಕೇ ಎರಡು ಮೂರು ದಿನ. ಜನ ಅಂಗಡಿಗೇ ಬಂದು ನಮ್ಮವರ ಮೇಲೆ ಕೂಗಾಡಿದ್ರು. ಅದಕ್ಕೇ ದುಡ್ಡು ಹೋದ್ರೂ ಪರವಾಗಿಲ್ಲ, ಕ್ಷಣದಲ್ಲಿ ಅಂಕ ಬರಬೇಕು. ಮುಂದಿನ ವಾರವೇ ಶುರು."

"ಒಂದ್ನಿಮಿಷ ಮೇಡಂ," ಎಂದು ರೇಟಕ್ಕ ಮೈದುನನನ್ನು ಹೊರಗಿನ ಪಡಸಾಲೆಗೆ ಎಳೆದುಕೊಂಡು ಬಂದಳು.

"ಅತ್ತಿಗೆ, ಬಾಯಿ ಬಿಡಬೇಡಿ, ಕೈ ಮುಗೀತೀನಿ. ಮೊದಲು ಸಹಿ ಆಗ್ಲಿ, ಆಮೇಲೆ ಹೇಗೋ ಮಾಡೋಣ."

"ಹೇಗೋ ಅಂದ್ರೆ ಹೇಗಪ್ಪಾ? ಮೊದಲನೇ ಗೋಲಿಗೇ ಬಣ್ಣ ಬಯಲಾಗುತ್ತೆ. ಇಷ್ಟು ಊರಲ್ಲಿ ಛೀಮಾರಿ ಹಾಕಿಸ್ಕೊಂಡ್ರೆ ಆಮೇಲೆ ನಮ್ಮ ಆಟವನ್ನ ಯಾರು ಮೂಸಿ ನೋಡ್ತಾರೆ?"

"ಬರೆದಿದ್ದು ನೀವೇ ಅಲ್ವಾ?"

ಆ ಮಾತು ನೆಟ್ಟಗೆ ಹೋಗಿ ನಾಟಿತು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಕೂತಳು.

"ಮೇಡಂ, ಆ ದೊಡ್ಡ ದರದ ಕೆಲಸ ನಮ್ಮ ಕೈಲಾಗಲ್ಲ. ನೀವು ನಡುವಿನದನ್ನ ತಗೊಳ್ಳಲಿ ಅಂತ ಅದನ್ನ ಬರೆದಿದ್ದು."

ಮೈದುನ ನೆಲ ನೋಡುತ್ತಿದ್ದ. ಮೇಡಂ ಕನ್ನಡಕ ಇಳಿಸಿಕೊಂಡು ಅವಳ ಮುಖವನ್ನೇ ದಿಟ್ಟಿಸಿದರು.

"ಅಂದ್ರೆ ನನ್ನನ್ನೇ ಆಟ ಆಡಿಸೋಕೆ ಬಂದ್ರಿ."

"ಹೌದು ಮೇಡಂ."

"ನಾನೂ ಬೂಟು ಮಾರೋಳೇ. ಮೂರು ಜೊತೆ ಮುಂದಿಟ್ಟು ನಡುವಿನದನ್ನ ಮಾರೋದು ನಮಗೂ ಗೊತ್ತಮ್ಮ. ಆದ್ರೆ ನಮ್ಮ ದುಬಾರಿ ಬೂಟಿಗೆ ಅಡಿಯಲ್ಲಿ ಅಟ್ಟೆ ಇರುತ್ತೆ."

ರೇಟಕ್ಕ ತಪ್ಪಾಯಿತು ಎಂದಳು. ಮೇಡಂ ಪೆನ್ನಿನಿಂದ ಹಾಳೆಯನ್ನು ಎರಡು ಸಲ ಕುಟ್ಟಿದರು.

"ನಿಮ್ಮ ಕೈಲಿ ಏನಾಗುತ್ತೆ, ಅದನ್ನ ಹೇಳಿ."

"ಪಂದ್ಯ ಮುಗಿದ ಗಂಟೆಯೊಳಗೆ ಅಂಕ. ಅದಕ್ಕಿಂತ ಬೇಗ ಆಗಲ್ಲ."

"ಸರಿ. ಎಲ್ಲ ಊರೂ ಕೊಡಲ್ಲ, ಒಂದೇ ಊರಿನ ಅಂಗಡಿಗಳು. ಗಂಟೆಯೊಳಗೆ ಅಂಕ. ಕೊಡೋದು ಸಣ್ಣ ದರ. ಒಂದು ಸಲ ತಪ್ಪಿದ್ರೂ ಅಲ್ಲಿಗೇ ಮುಗೀತು."

ಮೈದುನನ ಮುಖಕ್ಕೆ ಜೀವ ಬಂತು. ಅವನು ಒಪ್ಪಿಗೆ ಎಂದು ಬಾಯಿ ತೆರೆಯುವ ಮೊದಲೇ ರೇಟಕ್ಕ ಅಂದಳು: "ಗಂಟೆಯೊಳಗೆ ಬೇಕಾದ್ರೆ ನಡುವಿನ ದರ ಮೇಡಂ. ಸಣ್ಣ ದರಕ್ಕೆ ಮಾರನೇ ದಿನ."

ಸಣ್ಣ ದರಕ್ಕೆ ಒಪ್ಪಿಕೊಂಡರೆ ಮೌನಿಯ ಸಂಬಳ ಹುಟ್ಟುವುದಿಲ್ಲ, ಮೌನಿ ಇಲ್ಲದಿದ್ದರೆ ಗಂಟೆಯ ಮಾತು ನಿಲ್ಲುವುದಿಲ್ಲ. ಒಂದು ಸುಳ್ಳನ್ನು ಈಗಷ್ಟೇ ನುಂಗಿದ್ದಳು, ಇನ್ನೊಂದಕ್ಕೆ ಗಂಟಲಲ್ಲಿ ಜಾಗವಿರಲಿಲ್ಲ.

"ಈಗ ತಾನೇ ಸಿಕ್ಕಿಹಾಕ್ಕೊಂಡ್ರಿ. ಆದ್ರೂ ಚೌಕಾಸಿ ಮಾಡ್ತೀರಲ್ಲ!"

"ಚೌಕಾಸಿ ಅಲ್ಲ ಮೇಡಂ. ಆ ದರ ಒಂದೇ ನಾನು ನಿಜವಾಗಿ ಲೆಕ್ಕ ಹಾಕಿ ಬರೆದಿದ್ದು."

ಮೇಡಂ ನಗಲಿಲ್ಲ. ದೊಡ್ಡ ದರವನ್ನು ಉದ್ದಕ್ಕೆ ಗೀಟೆಳೆದು ಹೊಡೆದುಹಾಕಿ, ನಡುವಿನದರ ಪಕ್ಕದಲ್ಲಿ 'ಒಂದೇ ಊರು' ಎಂದು ಬರೆದು ಸಹಿ ಮಾಡಿದರು.

ಬಸ್ಸಿನಲ್ಲಿ ಮೈದುನ ಬೇರೆ ಸೀಟು ನೋಡಿಕೊಂಡ. "ಎಲ್ಲ ಊರೂ ಕೈಗೆ ಬಂದಿತ್ತು, ನಿನ್ನ ಹೆಂಡ್ತಿ ಒದ್ದು ಕಳಿಸಿದಳು," ಎಂದು ಮನೆಯಲ್ಲಿ ಅಣ್ಣನ ಮುಂದೆ ದೂರಿಟ್ಟ. ಮೈದುನ ಅವಳ ಜೊತೆ ಮಾತು ಬಿಟ್ಟ.

ಮೊದಲ ಪಂದ್ಯ ಒಂದು ಮಧ್ಯಾಹ್ನ. ಕೊನೆಯ ಸೀಟಿ ಊದಿದ್ದೇ ತಡ, ಮೈದುನ ಫಲಿತಾಂಶ ಓದಿದ, ಮೌನಿ ಕಂಪ್ಯೂಟರಿನಲ್ಲಿ ಕುಟ್ಟಿದ. ನಡುವೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು, ಮೂವರ ಜೀವವೂ ಬಾಯಿಗೆ ಬಂತು. ಗಂಟೆ ತುಂಬಲು ಇನ್ನೂ ಸಮಯವಿರುವಾಗಲೇ ಅಂಕ ಹೋಯಿತು. ಆಮೇಲೆ ರೇಟಕ್ಕ ಫೋನಿನ ಪಕ್ಕ ಕೂತಳು. ಅಂಗಡಿಗಳು ಬಾಗಿಲು ಹಾಕುವ ಹೊತ್ತಾಯಿತು. ಬೈಯುವುದಕ್ಕೆ ಒಬ್ಬರೂ ಕರೆ ಮಾಡಲಿಲ್ಲ.

ಒಂದೇ ಊರಿನ ಸಂಪಾದನೆಗೆ ಎರಡು ಕೋಣೆ ದುಬಾರಿ. ಮಾರನೇ ದಿನ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಭಾರದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು. ಮೈದುನ ಒಬ್ಬನೇ ತಳ್ಳಿದ, ಎಳೆದ, ಬೆವರು ಒರೆಸಿಕೊಂಡ.

"ಅತ್ತಿಗೆ," ಎಂದ ಕೊನೆಗೆ, "ಆ ಕಡೆ ಸ್ವಲ್ಪ ಹಿಡ್ಕೊಳ್ಳಿ."

ಅವಳು ಹಿಡಿದುಕೊಂಡಳು.