ಮೂಲೆ ತೋರಿಸಿದ ಬೆರಳು

ಅವರ ಬಲಗೈಗೆ ಎರಡು ಬಣ್ಣಗಳಿದ್ದವು. ಉಗುರಿನ ಸಂದಿಯಲ್ಲಿ ಅದಿರಿನ ಕೆಂಪು, ಎಷ್ಟು ತಿಕ್ಕಿದರೂ ಹೋಗದ್ದು. ಮಣಿಕಟ್ಟಿನಿಂದ ಮೊಣಕೈವರೆಗೆ ಒಣಗಿದ ಉಪ್ಪಿನ ಬಿಳಿ. ಮೀನಿನ ತೊಟ್ಟಿಯೊಳಗೆ ಕೈ ಇಳಿಸುವ ಮೊದಲು ಅವರು ನನ್ನ ಹಿತ್ತಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರಿನಿಂದ ಕೈ ತಿಕ್ಕುತ್ತಿದ್ದರು. ಸೋಪು ಮುಟ್ಟುತ್ತಿರಲಿಲ್ಲ. "ಸೋಪಿನ ವಾಸನಿ ಸಾಕ್ರಿ ಟೀಚರಮ್ಮ, ಅವು ನಮ್ಮಂಗ ಸೀನಿ ಸುಮ್ನಾಗಂಗಿಲ್ಲ, ಸತ್ತ ಹೋಗ್ತಾವ" ಎನ್ನುತ್ತಿದ್ದರು.

ಆ ಕೈ ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸಿಟ್ಟು ಒಂದು ಸಿನ್, ಪಾಪ, ಎಂದು ಕಲಿಸಿದ್ದರು. ಎಂಬತ್ತರ ಹತ್ತಿರ ಬಂದ ಮೇಲೆ ನನಗೆ ಅನಿಸುವುದೇ ಬೇರೆ. ಸಿಟ್ಟಾಗಬೇಕಾದ ಕಡೆ ಪೊಲೈಟ್ ಆಗಿ ನಿಂತೆನಲ್ಲ, ನನ್ನ ಸಿನ್ ಅದು.

ನನ್ನ ತಮ್ಮ ಮೊದಲು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ. ಸಂಡೂರಿನ ಗುಡ್ಡಗಳ ಅದಿರಿಗೆ ಚೀನಾದಿಂದ ಗಿರಾಕಿಗಳು ಬಂದ ಕಾಲದಲ್ಲಿ ಗಿರಣಿ ಮಾರಿ ಗಣಿಗೆ ಇಳಿದ. ನೋಡನೋಡುತ್ತ ಹೊಸಪೇಟೆಯಲ್ಲಿ ಬಂಗಲೆ ಎದ್ದಿತು. ಗಂಡನನ್ನು ಕಳೆದುಕೊಂಡು, ಸ್ಕೂಲಿನಿಂದ ರಿಟೈರ್ ಆಗಿದ್ದ ನನಗೆ ಅದರ ಹಿಂದೆ ಎರಡು ಕೋಣೆ ಕೊಟ್ಟ. ಕೊಟ್ಟದ್ದನ್ನು ಮನೆಗೆ ಬಂದವರಿಗೆಲ್ಲ ನನ್ನೆದುರಿಗೇ ಹೇಳುತ್ತಿದ್ದ. ಗೋವಾದ ಹೋಟೆಲೊಂದರಲ್ಲಿ ಕಡಲ ನೀರಿನ ಅಕ್ವೇರಿಯಂ ನೋಡಿ ಬಂದವನು ಡ್ರಾಯಿಂಗ್ ರೂಮಿನ ಗೋಡೆಯುದ್ದಕ್ಕೂ ಅಂಥದೇ ಒಂದನ್ನು ಕಟ್ಟಿಸಿದ. ಬೆಂಗಳೂರಿನವರು ಬಂದು ಗಾಜು ಜೋಡಿಸಿ, ಉಸುಕು ಸುರಿದು, ಕಲ್ಲು ಇಟ್ಟು ಹೋದರು. ಮುಂದೆ ನೋಡಿಕೊಳ್ಳುವವರು ಯಾರು?

ಗಣಿಯ ಲ್ಯಾಬಿನಲ್ಲಿ ಅದಿರಿನ ಗ್ರೇಡ್ ಪರೀಕ್ಷೆ ಮಾಡುವ ಕೆಮಿಸ್ಟ್ ಒಬ್ಬರಿದ್ದರು. ಆ ಎರಡು ಬಣ್ಣದ ಕೈ ಅವರದೇ. ಬಂಡ್ರಿ ಊರಿನವರು, ಐವತ್ತರ ಆಸುಪಾಸು, ಮೀನಿನ ಹಾಗೇ ಸದ್ದಿಲ್ಲದ ಮನುಷ್ಯ. "ಮಣ್ಣು ಟೆಸ್ಟ್ ಮಾಡಾವಗ ನೀರು ಟೆಸ್ಟ್ ಮಾಡಾದು ಯಾವ ದೊಡ್ಡ ಮಾತಲೇ?" ಎಂದು ನನ್ನ ತಮ್ಮ ತೊಟ್ಟಿಯನ್ನೂ ಅವರ ತಲೆಗೆ ಕಟ್ಟಿದ. ಕೆಮಿಸ್ಟ್ ಇಲ್ಲವೆನ್ನಲಿಲ್ಲ. ಗಣಿಗೆ ಹೋಗುವ ಮುನ್ನ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಮೊಪೆಡ್ಡಿನಲ್ಲಿ ಬರತೊಡಗಿದರು.

ಮಾಡಿದರೆ ಪೂರ್ತಿ ಮಾಡುವ ಜಾತಿಯವರು. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋಗಿ, ಮೀನಿನ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆಸಿ ನನ್ನ ಹಿತ್ತಲ ಬಾಗಿಲಿಗೆ ತಂದರು. ನಾನು ಓದಿ ಹೇಳುತ್ತಿದ್ದೆ, ಅವರು ನೋಟ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಲೆಪರ್ಡ್ ರಾಸ್ ಎಂಬ ಮೀನಿನ ಚಿತ್ರ ನೋಡಿದ್ದು ಹಾಗೆ. ಗೇಣಿಗಿಂತ ಚಿಕ್ಕ ಮೀನು, ಬೆಳ್ಳನೆಯ ಮೈ ತುಂಬ ಚಿರತೆಯಂಥ ಕಪ್ಪು ಚುಕ್ಕೆ. ಅವರು ಸ್ಪೆಲ್ಲಿಂಗ್ ಇದ್ದ ಹಾಗೇ ಓದಿ "ವ್ರಾಸ್ಸೆ" ಎಂದರು. ನಾನು ಟೀಚರಲ್ಲವೇ, ತಿದ್ದಿದೆ. ಅವರು ನಕ್ಕು, "ಹೆಸರು ನೀವು ಸರಿ ಮಾಡ್ರಿ, ನೀರು ನಾ ಸರಿ ಮಾಡ್ತೀನಿ" ಎಂದರು.

ತಮ್ಮನಿಗೆ ಆ ಮೀನು ನಾಳೆಯೇ ಬೇಕಿತ್ತು. ಕೆಮಿಸ್ಟ್ ಎಂಟು ತಿಂಗಳು ಕಾಯಿಸಿದರು. "ತೊಟ್ಟಿ ಹಣ್ಣಾಗಬೇಕ್ರಿ ಸಾಹೇಬ್ರ. ಕಲ್ಲಿನ ಮ್ಯಾಲೆ ಕಣ್ಣಿಗೆ ಕಾಣದಂಥ ಹುಳ ಹುಟ್ಟಬೇಕು. ದಿನಾ ಹೆಕ್ಕಿ ತಿನ್ನಾಕ ಅವು ಇಲ್ದಿದ್ರ ಈ ಮೀನು ಉಪಾಸ ಸಾಯ್ತಾವ." ತಮ್ಮ ಅವರ ಬೆನ್ನ ಹಿಂದೆ ಆಡಿಕೊಂಡ: "ಗುಡ್ಡಾನ ಮೂರು ತಿಂಗಳದಾಗ ನೆಲಾ ಮಾಡ್ತೀವಿ, ಈ ಪುಣ್ಯಾತ್ಮಗ ಒಂದು ಗಾಜಿನ ಡಬ್ಬಿ ಹಣ್ಣು ಮಾಡಾಕ ವರ್ಷ ಬೇಕಂತ!" ಕೆಮಿಸ್ಟ್ ಅಷ್ಟೂ ದಿನ ಟಾರ್ಚ್ ಹಿಡಿದು ಗಾಜಿಗೆ ಮೂಗು ಹಚ್ಚಿ ಹುಳ ಹುಡುಕಿದರು. ಲಾರಿಗಳ ಕೆಂಧೂಳು ನೀರಿಗೆ ಬೀಳದಂತೆ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದರು. ಕೊನೆಗೆ ಚೆನ್ನೈಗೆ ತಾವೇ ಹೋಗಿ, ಥರ್ಮಕೋಲ್ ಪೆಟ್ಟಿಗೆಯಲ್ಲಿ ನಾಲ್ಕು ಮೀನು ಇಟ್ಟುಕೊಂಡು, ಪೆಟ್ಟಿಗೆಯನ್ನು ತೊಡೆಯಿಂದ ಇಳಿಸದೆ ರೈಲಿನಲ್ಲಿ ತಂದರು.

ನೀರಿಗೆ ಬಿಟ್ಟದ್ದೇ ತಡ, ನಾಲ್ಕೂ ತಲೆ ಕೆಳಗೆ ಮಾಡಿ ಉಸುಕಿನೊಳಗೆ ಹೋಗಿಬಿಟ್ಟವು. ತೊಟ್ಟಿ ಖಾಲಿ.

"ಎಲ್ಲಿ ಹೋದ್ವಲೇ?" ಎಂದ ತಮ್ಮ.

"ಮಲಗ್ಯಾವ್ರಿ. ಹೊಸ ಜಾಗ, ಹೆದರ್ಯಾವ. ಸಂಜಿ ಆತಂದ್ರ ದಿನಾಲೂ ಹಿಂಗ ಉಸುಕಿನಾಗ ಮಲಗ್ತಾವ. ಯಾರೂ ಕೆದರಬ್ಯಾಡ್ರಿ. ತಾವಾಗೇ ಬರ್ತಾವ."

ಆರು ದಿನ ಏನೂ ಕಾಣಲಿಲ್ಲ. ಏಳನೆಯ ದಿನ ಬೆಳಿಗ್ಗೆ, "ಟೀಚರಮ್ಮ, ಜಲ್ದಿ ಬರ್ರಿ, ಸದ್ದು ಮಾಡಬ್ಯಾಡ್ರಿ!" ಎಂದು ಕರೆದರು. ಎಡಮೂಲೆಯ ಉಸುಕಿನಲ್ಲಿ ಒಂದು ಮೂಗು, ಎರಡು ಕಣ್ಣು. ಆ ಕಣ್ಣುಗಳು ಒಂದೊಂದಾಗಿ ತಿರುಗಿ ನಮ್ಮನ್ನು ನೋಡಿದವು. ಗಂಡ ಹೋದ ಮೇಲೆ ಅಷ್ಟು ಮನಸ್ಸು ಬಿಚ್ಚಿ ನಾನು ನಕ್ಕಿರಲಿಲ್ಲ.

ಊಟದ ಕಥೆ ಬೇರೆಯೇ ಆಯಿತು. ಡಬ್ಬಿಯ ಒಣ ಆಹಾರ ಅವು ಮೂಸಿಯೂ ನೋಡಲಿಲ್ಲ. ಸೋಡಾ ಬಾಟ್ಲಿ ತಲೆಕೆಳಗು ಮಾಡಿ, ಉಪ್ಪುನೀರಿನಲ್ಲಿ ಸಿಗಡಿಯ ಒಣ ತತ್ತಿ ಹಾಕಿ ಗಾಳಿ ಬಿಟ್ಟು, ಕೆಮಿಸ್ಟ್ ಸೂಜಿಮೊನೆಯಷ್ಟು ಸಿಗಡಿ ಮರಿ ಮಾಡಿಸಿದರು. ಅದು ಸಾಲದು, ಮಂಜುಗಡ್ಡೆ ಕಟ್ಟಿದ ಸಣ್ಣ ಸಿಗಡಿಯೂ ಬೇಕು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯೂ ಬಾರದ ಅಡಿಗೆಮನೆ. ತಮ್ಮನ ಹೆಂಡತಿ ಫ್ರಿಡ್ಜಿಗೆ ಅಡ್ಡ ನಿಂತಳು. "ಮೀನು ನೋಡಾಕ ಚಂದ, ಇರ್ಲಿ. ಆ ಹೊಲಸು ಮಾತ್ರ ನನ್ನ ಮನಿಯಾಗ ಬ್ಯಾಡ. ಮಂಡಕ್ಕಿ ಹಾಕ್ರಿ, ಗುಡಿ ಹೊಂಡದ ಮೀನು ತಿನ್ನಂಗಿಲ್ಲೇನು?"

ಕೆಮಿಸ್ಟ್ ನನ್ನ ಬಾಗಿಲಲ್ಲಿ ಬಂದು ನಿಂತರು. "ನಾನೂ ತಿನ್ನಾವಲ್ರಿ ಟೀಚರಮ್ಮ. ಹಂಗಂತ ಅವಕ್ಕ ಅನ್ನ ಸಾರು ಬಡಸಾಕ ಬರ್ತದೇನ್ರಿ?"

ನನ್ನ ಪುಟ್ಟ ಫ್ರಿಡ್ಜಿನಲ್ಲಿ ಹಾಲು, ಮೊಸರು, ಬಿ.ಪಿ. ಮಾತ್ರೆ. ಅದರ ಮೇಲಿನ ಐಸ್ ಪೆಟ್ಟಿಗೆಯನ್ನು ಬಿಟ್ಟುಕೊಟ್ಟೆ. ಅವರು ಸಿಗಡಿಯನ್ನು ಮೂರು ಕವರಿನಲ್ಲಿ ಸುತ್ತಿ, ತಗಡಿನ ಬಿಸ್ಕತ್ ಡಬ್ಬಿಯಲ್ಲಿ ಹಾಕಿ, ಡಬ್ಬಿಗೆ ರಬ್ಬರ್ ಬ್ಯಾಂಡ್ ಬಿಗಿದು ಇಟ್ಟರು. "ನಿಮ್ಮ ಮೊಸರಿಗೆ ವಾಸನಿ ತಾಗಿದ್ರ ಹೇಳ್ರಿ, ಅವತ್ತೇ ತಗೀತೀನಿ." ತಾಗಲಿಲ್ಲ. ಆ ಮೀನುಗಳಿಗೆ ಹೊಟ್ಟೆ ಚಿಕ್ಕದು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಹಗಲಿನಲ್ಲಿ ಅವರು ಗಣಿಯಲ್ಲಿ. ಹಾಗಾಗಿ ಹನ್ನೊಂದು, ಒಂದು, ಮೂರು ಗಂಟೆಯ ಊಟ ನನ್ನ ಪಾಲಿಗೆ ಬಂತು. ಚಿಟಿಕೆ ಸಿಗಡಿಯನ್ನು ಲೋಟದ ನೀರಿನಲ್ಲಿ ಕರಗಿಸಿ, ಲ್ಯಾಬಿನ ಗಾಜಿನ ಪಿಪೆಟ್ಟಿನಿಂದ ಹನಿಹನಿಯಾಗಿ ಬಿಡುವುದನ್ನು ಕಲಿಸಿದರು. "ಬಾಯಿ ನೋಡಿ ಬಿಡ್ರಿ, ನಿಮ್ಮ ಕೈ ನೋಡಿ ಅಲ್ಲ" ಎನ್ನುತ್ತಿದ್ದರು. ಅರವತ್ತು ಮಕ್ಕಳ ಕ್ಲಾಸಿಗೆ ಮೂವತ್ತು ವರ್ಷ ಪಾಠ ಮಾಡಿದ್ದೆ. ಬಾಯಿ ನೋಡಿ ಕೊಡುವುದು ನನಗೆ ಯಾರೂ ಕಲಿಸಿರಲಿಲ್ಲ.

ಒಂದೂವರೆ ವರ್ಷ ನಾಲ್ಕೂ ಬದುಕಿದವು. ಇದು ಸಣ್ಣ ಸಂಗತಿ ಅಲ್ಲ. ತಿಂಗಳೊಳಗೆ ಸಾಯುವುದೇ ಹೆಚ್ಚು ಎಂದು ಆ ಪ್ರಿಂಟುಗಳಲ್ಲಿ ನಾನೇ ಓದಿದ್ದೆ. ಯಾವ ಮೀನು ಎಲ್ಲಿ ಮಲಗುತ್ತದೆ ಎಂಬುದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೂರು ಎಡಮೂಲೆಯಲ್ಲಿ. ನಾಲ್ಕನೆಯದು ದಿನಕ್ಕೊಂದು ಕಡೆ.

ಆಮೇಲೆ ಅತಿಥಿಗಳು ಬಂದರು. ಅದಿರು ಕೊಳ್ಳುವ ಚೀನಾದವರು ಇಬ್ಬರು, ಅವರ ಜೊತೆ ಇಂಗ್ಲಿಷ್ ಬಲ್ಲ ಒಬ್ಬ ಹುಡುಗಿ. ಬಂದದ್ದು ಸಂಜೆ ಏಳಕ್ಕೆ. ತೊಟ್ಟಿಯ ದೀಪ ಆರಕ್ಕೇ ಆರುತ್ತದೆ, ಮೀನು ಅದಕ್ಕೂ ಮೊದಲೇ ಮಲಗುತ್ತವೆ. ತಮ್ಮ ದೀಪ ಹಾಕಿಸಿದ. ಒಂದೂ ಹೊರಬರಲಿಲ್ಲ. ಇಡೀ ಜಿಲ್ಲೆಯಲ್ಲಿ ಇಂಥ ಮೀನು ನನ್ನ ಹತ್ತಿರ ಮಾತ್ರ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದವನಿಗೆ ಮುಖ ಸಣ್ಣದಾಯಿತು. ಕೆಮಿಸ್ಟ್ ಅವತ್ತು ಲ್ಯಾಬಿನಲ್ಲಿ ಸಿಕ್ಕಿಕೊಂಡಿದ್ದರು.

ಆ ಹುಡುಗಿ ನನ್ನ ಕಡೆ ತಿರುಗಿ, ಮೀನು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎಷ್ಟೋ ವರ್ಷದ ಮೇಲೆ ಯಾರೋ ನನ್ನನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ್ದರು. ನಾನು ಸೆರಗು ಸರಿಮಾಡಿಕೊಂಡು, ಕಾನ್ವೆಂಟಿನ ಎಲೊಕ್ಯೂಷನ್ ಕಾಂಪಿಟಿಷನ್ನಿನಲ್ಲಿ ನಿಂತ ಹಾಗೆ ನಿಂತು, ಚೆಂದವಾಗಿ ಹೇಳಿದೆ. ದೇ ಆರ್ ಸ್ಲೀಪಿಂಗ್, ಮೈ ಡಿಯರ್. ಅಂಡರ್ ದ ಸ್ಯಾಂಡ್. ಇನ್ ದಟ್ ಕಾರ್ನರ್. ಹೇಳಿ, ಬೆರಳು ಮಾಡಿ ತೋರಿಸಿದೆ. ಹುಡುಗಿ "ಯುವರ್ ಇಂಗ್ಲಿಷ್ ಈಸ್ ಬ್ಯೂಟಿಫುಲ್" ಎಂದಳು. ನಾನು ಉಬ್ಬಿದೆ.

ತಮ್ಮನ ಕಣ್ಣು ನನ್ನ ಬೆರಳಿನ ಮೇಲಿತ್ತು. "ಗುಡ್ಡಾ ಅಗದು ಅದಿರು ತಗದವ್ರು ನಾವು. ಒಂದು ಬೊಗಸಿ ಉಸುಕು ಯಾವ ಲೆಕ್ಕ?" ಎಂದು ನಕ್ಕ. ಗಣಿಯ ಮ್ಯಾನೇಜರ್ ಅಡಿಗೆಮನೆಯಿಂದ ಜಾರಿ ತಂದ, ಬಜ್ಜಿ ಎತ್ತುವ ಜಾರಿ. ಮುಚ್ಚಳ ತೆಗೆದರು. "ಬ್ಯಾಡೋ" ಎಂದೆ. ಒಂದೇ ಸಲ, ಮೆಲ್ಲಗೆ, ಅತಿಥಿಗಳಿಗೆ ಕೇಳದ ಹಾಗೆ. ತಮ್ಮನ ಕೈಯ ಜಾರಿ ಉಸುಕಿನೊಳಗೆ ಇಳಿಯಿತು.

ಎರಡು ವರ್ಷ ಯಾರೂ ಮುಟ್ಟದ ಉಸುಕು. ಮೇಲೆ ಬಿಳಿ, ಅಡಿಯಲ್ಲಿ ಇದ್ದಿಲಿನಂಥ ಕಪ್ಪು. ಅಡಿಯಲ್ಲಿ ಕಟ್ಟಿಕೊಂಡಿದ್ದ ವಿಷಗಾಳಿಯ ಗುಳ್ಳೆ ಎದ್ದವು, ಕೊಳೆತ ಮೊಟ್ಟೆಯ ನಾತ ಡ್ರಾಯಿಂಗ್ ರೂಮ್ ತುಂಬಿತು. ಒಂದು ಮೀನು ಜಾರಿಯ ಮೇಲೆ ಬಂತು, ಬಾಯಿ ಹರಿದಿತ್ತು. ಚಿರತೆಯ ಚುಕ್ಕೆ ಎಂದು ತಮ್ಮ ಅದನ್ನು ಎತ್ತಿ ತೋರಿಸಿದ. ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದು ತಲೆಯಾಡಿಸಿ ಊಟಕ್ಕೆ ಹೋದರು. ನಾನೂ ಹೋದೆ. ಹೌದು, ಹೋಗಿ ಹೋಳಿಗೆ ತಿಂದೆ. ಬೆಳಗಾಗುವಷ್ಟರಲ್ಲಿ ಮೂರು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ನಾಲ್ಕನೆಯದು ಕಾಣಲಿಲ್ಲ.

ಬೆಳಿಗ್ಗೆ ಕೆಮಿಸ್ಟ್ ಬಂದು ನಿಂತರು. ಕೈ ತಿಕ್ಕಲು ಹೋಗಲಿಲ್ಲ.

"ಏನು ಹಾಕಿದ್ಯೋ ನೀನು? ಕೆಟ್ಟ ಸಿಗಡಿ ಹಾಕಿ ಕೊಂದಿ" ಎಂದ ತಮ್ಮ, ಆಳುಗಳೆಲ್ಲರ ಎದುರಿಗೆ.

"ನಾ ಅವತ್ತ ಹೇಳಿದ್ನಿ, ಆ ಹೊಲಸು ಬ್ಯಾಡ ಅಂತ" ಎಂದಳು ಅವನ ಹೆಂಡತಿ.

"ಉಸುಕು ಯಾರು ಕೆದರಿದ್ರಿ, ಸಾಹೇಬ್ರ?"

"ನನ್ನ ತೊಟ್ಟಿ, ನನ್ನ ಉಸುಕು. ನಿನ್ನ ಕೇಳಬೇಕೇನು?"

"ಬರೋಬರಿ ಮೀನು ಇದ್ದ ಮೂಲೀನ ಕೆದರ್ಯಾರ" ಎಂದು ಕೆಮಿಸ್ಟ್ ಮೆಲ್ಲಗೆ ಹೇಳಿ, ತಲೆ ಎತ್ತಿ ನನ್ನನ್ನು ನೋಡಿದರು. ಒಂದೇ ಕ್ಷಣ. ನಾನು ಕಾಲುಂಗುರ ತೆಗೆದು ವರ್ಷಗಳಾದ ನನ್ನ ಬೋಳು ಬೆರಳುಗಳನ್ನು ನೋಡುತ್ತ ನಿಂತೆ. ಸಿಗಡಿ ಕೆಟ್ಟಿರಲಿಲ್ಲ ಎಂದು ಹೇಳಬಹುದಿತ್ತು. ಜಾಗ ತೋರಿಸಿದ್ದು ನಾನು ಎಂದು ಹೇಳಬಹುದಿತ್ತು. ಆ ಎರಡು ಕೋಣೆ ನೆನಪಾದವು. ನಾಳೆಯಿಂದ ಲ್ಯಾಬಿಗೂ ಬರಬೇಡ ಎಂದ ತಮ್ಮ.

ಹೋಗುವಾಗ ಅವರು ನನ್ನ ಹಿತ್ತಲ ಬಾಗಿಲಿಗೆ ಬಂದರು. ಬೈಯಲು ಬಂದರು ಎಂದುಕೊಂಡೆ.

"ಮೂರ ಸತ್ತಾವ್ರಿ. ನಾಕನೇದು ಅದ. ಬಲಗಡಿ ದೊಡ್ಡ ಕಲ್ಲಿನ ಹಿಂದ ಉಸುಕು ಸಣ್ಣಗ ಅಲಗಿದ್ದು ನೋಡಿದೆ. ಒಯ್ಯೋಣಂದ್ರ ನನ್ನ ಮನಿಯಾಗ ಕಡಲ ನೀರು ಎಲ್ಲಿಂದ ತರ್ಲಿ? ಬಕೀಟಿನಾಗ ಉಪ್ಪುನೀರು ಕಲಸಿಟ್ಟೀನಿ, ಇವತ್ತು ಅರ್ಧ, ನಾಳಿ ಅರ್ಧ ಬದಲಿ ಮಾಡಿಸ್ರಿ. ಹೊರಗ ಬಂದಾಗ ಬಾಯಿ ನೋಡಿ ಬಿಡ್ರಿ." ಹೊರಟವರು ತಿರುಗಿ ಹೇಳಿದರು, "ಯಾರಿಗೂ ತೋರಿಸಬ್ಯಾಡ್ರಿ."

ಬಿಸ್ಕತ್ ಡಬ್ಬಿಯನ್ನು ನನ್ನಲ್ಲೇ ಬಿಟ್ಟು ಹೋದರು.

ಮೂರು ದಿನದ ಮೇಲೆ ಅದು ಎದ್ದು ಬಂತು. ತಮ್ಮನಿಗೆ ತೊಟ್ಟಿಯ ಹುಚ್ಚು ಬಿಟ್ಟಿತ್ತು, ಆ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೊಂದು ತಿಂಗಳು ನಾನೊಬ್ಬಳೇ ಸಾಕಿದೆ. ಜೊತೆಗಿದ್ದವು ಇಲ್ಲವಾದ ಮೇಲೆ ಅದರ ಮೈಬಣ್ಣ ಬದಲಾಗುತ್ತ ಹೋಯಿತು. ಕಪ್ಪು ಚುಕ್ಕೆ ಕರಗಿ, ಇಟ್ಟಿಗೆ ಕೆಂಪಿನ ಮೈ ಮೇಲೆ ಹಸಿರು ಚುಕ್ಕೆ. ಹೆಣ್ಣು ಗಂಡಾಗುತ್ತಿತ್ತು. ಹೀಗಾಗಬಹುದು, ಆದರೆ ನೋಡುವ ಭಾಗ್ಯ ಬೇಕು ಎಂದು ಕೆಮಿಸ್ಟ್ ಹಿಂದೊಮ್ಮೆ ಹೇಳಿದ್ದರು. ಬಂಡ್ರಿಗೆ ಬಸ್ಸಿತ್ತು. ಹೋಗಿ ಹೇಳಲಿಲ್ಲ. ಹೇಡಿ ನಾನು. ಒಂದು ಬೆಳಿಗ್ಗೆ ಮೀನು ಉಸುಕಿನಿಂದ ಏಳಲಿಲ್ಲ. ಹದಿನೈದು ದಿನ ಕಾದೆ. ಕೆದರಲಿಲ್ಲ.

ಗಣಿ ಎಲ್ಲ ನಿಂತ ಮೇಲೆ, ಕೆಮಿಸ್ಟ್ ತೀರಿಕೊಂಡ ಸುದ್ದಿ ಹಳೆಯ ಮ್ಯಾನೇಜರ್ ಬಾಯಿಂದ ಬಂತು. ಆಗ ಬಂಡ್ರಿಗೆ ಹೋದೆ. ಅವರ ಹೆಂಡತಿ ನನ್ನನ್ನು ಕೂರಿಸಿದರು. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ನಿಮ್ಮ ಅತಿಥಿಗಳಿಗೆ ಮೂಲಿ ತೋರಿಸಿದ್ದು ನೀವಂತ ಅವರಿಗೆ ಗೊತ್ತಿತ್ರಿ ಟೀಚರಮ್ಮ. ಹಾಳಾಗ್ಲಿ ಬಿಡ್ರಿ. ನಿಮ್ಮ ಫ್ರಿಡ್ಜ್ ಇಲ್ದಿದ್ರ ಆ ಮೀನು ಒಂದು ತಿಂಗಳಾನೂ ಬದುಕ್ತಿದ್ದಿಲ್ಲ ಅಂತಿದ್ರು. ಆದ್ರ ಮೀನು ಕೊಂದವ ಅಂತ ಹೆಸರಾಗಿ ಯಾವ ಲ್ಯಾಬಿನಾಗೂ ಕೆಲಸ ಕೊಡ್ಲಿಲ್ರಿ. ಅದೊಂದು ಕೊರಗು ಇತ್ತು ಅವರಿಗೆ" ಎಂದು ಚಹಾ ತಂದಿಟ್ಟರು.

ಬೈಸಿಕೊಳ್ಳಲು ಹೋದವಳಿಗೆ ಚಹಾ ಕೊಟ್ಟರು. ಅದಕ್ಕೂ ನನಗೆ ಸಿಟ್ಟಿದೆ.

ತಮ್ಮ ಈಗಲೂ ಇದ್ದಾನೆ. ತೊಟ್ಟಿಯಲ್ಲಿ ಪ್ಲಾಸ್ಟಿಕ್ ಹೂ ಇಟ್ಟಿದ್ದಾರೆ. ಬಂದವರಿಗೆ ಇವತ್ತಿಗೂ ಅವನು ಹೇಳುವುದು, ಒಬ್ಬ ಕೆಮಿಸ್ಟ್ ಕೆಟ್ಟ ಸಿಗಡಿ ಹಾಕಿ ಮೀನೆಲ್ಲ ಕೊಂದ ಎಂದೇ. ನಾನು ಇಂಗ್ಲಿಷಿನಲ್ಲಿ ಬರೆಯಬಹುದಿತ್ತು, ಚೆಂದವಾಗಿಯೂ ಇರುತ್ತಿತ್ತು. ಅವನು ಓದುವುದು ಕನ್ನಡ. ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ.

ಓದಪ್ಪ. ಸಿಗಡಿ ಕೆಟ್ಟಿರಲಿಲ್ಲ, ಅದು ನನ್ನ ಫ್ರಿಡ್ಜಿನಲ್ಲಿ ನನ್ನ ಮೊಸರಿನ ಮೇಲಿತ್ತು. ಜಾಗ ತೋರಿಸಿದವಳು ನಾನು. ಅಗೆದವನು ನೀನು.