ಅಪ್ಪನ ಫಾರಂನಲ್ಲಿ ನಾನು ಬರೆದದ್ದು

ಹಾಡಿನ ವೀಡಿಯೊ ಮಾಡಿದರೆ ಸಾಲದು, ಅದನ್ನು ಜನರಿಗೆ ತೋರಿಸಿ, ಅವರು ಏನಂದರು ಅಂತ ಫಾರಂ ತುಂಬಿಸಿ ತರಬೇಕು. ಅದಕ್ಕೆ ಬೇರೆ ಮಾರ್ಕು. ಕೊಯಮತ್ತೂರಿನ ಕಾಲೇಜಿನಲ್ಲಿ ಕೊನೆಯ ವರ್ಷ ನಮಗೆ ಕೊಟ್ಟ ಕೆಲಸ ಅದು. ನಾವು ನಾಲ್ವರು. ಹಾಡಿ ಕುಣಿಯುವವನೊಬ್ಬ, ಕ್ಯಾಮೆರಾ ಹಿಡಿಯುವವಳೊಬ್ಬಳು, ಎಡಿಟಿಂಗ್ ಮಾಡುವವನೊಬ್ಬ. ನಾನು? ನನಗೆ ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಜಾಗ ಹುಡುಕುವುದು, ಟೀ ತರುವುದು, ಫಾರಂ ಹಂಚುವುದು ನನ್ನ ಪಾಲಿಗೆ ಬಂತು.

ನಮ್ಮ ಮನೆ ಅನ್ನೂರಿನ ಕಡೆ, ಟೌನ್ ಬಸ್ಸಿನಲ್ಲಿ ಕೊನೆಯ ಸ್ಟಾಪಿಗೆ ಎರಡು ಸ್ಟಾಪ್ ಮೊದಲು. ಬೀದಿಯ ತುಂಬ ನೇಯುವವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾರೆ ಅಂತ ಮೂರು ವರ್ಷ ಕಾಲೇಜಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಕೇಳಿದರೆ ‘ಅಪ್ಪ ಟೆಕ್ಸ್‌ಟೈಲ್ಸ್’ ಅನ್ನುತ್ತಿದ್ದೆ. ಎಂಥ ಬಡಾಯಿ ನೋಡಿ! ಒಂದು ದಿನ ನನ್ನ ಫೋನಿನಲ್ಲಿದ್ದ ಮಗ್ಗದ ಫೋಟೊ ಕ್ಯಾಮೆರಾದವಳ ಕಣ್ಣಿಗೆ ಬಿತ್ತು. “ಸೆಮ ಲೊಕೇಷನ್‌ಡೀ, ಸಖತ್ತಾಗಿದೆ! ಇದನ್ನ ಇಷ್ಟು ದಿನ ಬಚ್ಚಿಟ್ಟಿದ್ದೀಯಲ್ಲ!” ಅಂದಳು. ಅಷ್ಟು ಸಾಕಾಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನಿಂದಲೂ ಒಂದು ಕೆಲಸ ಆಗುತ್ತದೆ ಅಂತ ಅವರಿಗೆ ತೋರಿಸಬೇಕಿತ್ತು.

ಆ ವರ್ಷ ನಮ್ಮ ಮನೆಗೆ ಚೌಡಮ್ಮನ ಸೀರೆಯ ಸರದಿ ಬಂದಿತ್ತು. ನಮ್ಮ ಬೀದಿಯ ದೇವಿ ಹಬ್ಬದ ದಿನ ಉಡುವ ಸೀರೆಯನ್ನು ಅಂಗಡಿಯಿಂದ ತರುವುದಿಲ್ಲ. ಬೀದಿಯ ಒಂದೊಂದು ಮನೆಯವರು ಒಂದೊಂದು ವರ್ಷ ನೇಯ್ದು ಕೊಡಬೇಕು. ಹಿಂದಿನ ಸಲ ನಮ್ಮ ಮನೆಯಲ್ಲಿ ನೇಯ್ದದ್ದು ತಾತ. ಆಗ ಅಪ್ಪನದು ನಿಕ್ಕರು ಹಾಕುವ ವಯಸ್ಸು. ಅಂದಿನಿಂದ ಕಾದು ಕಾದು, ಈ ಸಲ ಮಗ್ಗಕ್ಕೆ ಹಾಸು ಏರಿಸುವಾಗ ಅಪ್ಪ ನೂಲನ್ನು ಕಣ್ಣಿಗೊತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ನಮ್ಮ ಬೀದಿಯವರ ಬಾಯಲ್ಲಿ ಪಾವು. ಅದು ಏರಿದ ದಿನದಿಂದ ಸೀರೆ ಇಳಿಯುವವರೆಗೆ ಮನೆಯಲ್ಲಿ ಮಾಂಸ ಇಲ್ಲ, ತಲೆಗೆ ನೀರು ಹಾಕಿಕೊಳ್ಳದೆ ಅಪ್ಪ ಮಗ್ಗಕ್ಕೆ ಕೂರುವುದಿಲ್ಲ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಪಾವನ್ನಂತೂ, ದೇವರ ಸೀರೆಯದಿರಲಿ, ಮಾಮೂಲಿ ಸೀರೆಯದಾದರೂ ನಮ್ಮಲ್ಲಿ ಮಗು ಕೂಡ ದಾಟುವುದಿಲ್ಲ. ಸುತ್ತಿಕೊಂಡು ಹೋಗುತ್ತದೆ.

ಶೂಟಿಂಗ್ ವಿಷಯ ಹೇಳಿದಾಗ ಅಪ್ಪ ಬೇಡ ಅನ್ನಲಿಲ್ಲ. ನಮ್ಮ ಮಗ್ಗದ ಮನೆಯಲ್ಲಿ ಎರಡು ಮಗ್ಗ.

“ಬಾಗ್ಲತ್ರ ಇರೋ ಮಗ್ಗದಲ್ಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ ಕಣ್ಣು. ಚೌಡಮ್ಮನ್ ಮಗ್ಗದತ್ರ ಮಾತ್ರ ಹೋಗ್ಬೇಡಿ,” ಅಂದರು, ಎಂದಿನಂತೆ ಮುದ್ದಿನಿಂದ ‘ಕಣ್ಣು’ ಅಂತ ಕರೆದು. ಅದರ ಮೇಲೆ ತಮ್ಮ ಒಗೆದ ಬಿಳಿ ಪಂಚೆ ಹೊದಿಸಿದರು. ನಮ್ಮ ಮಗ್ಗದ ಮನೆಗೆ ಬೀಗ ಅಂತ ಇರಲಿಲ್ಲ. ಕೋಳಿ ನುಗ್ಗದ ಹಾಗೆ ಒಂದು ಹಲಗೆ ಬಾಗಿಲು, ಅಷ್ಟೇ. ಆ ದಿನ ನೂಲು ತರಲು ಹೊರಟವರು ಬಾಗಿಲಲ್ಲಿ ನಿಂತು, “ನೀನಿದ್ದೀಯಲ್ಲ, ನೋಡ್ಕೋ,” ಅಂತ ಹೇಳಿಯೇ ಹೋದರು.

ಬಾಗಿಲ ಹತ್ತಿರದ ಮಗ್ಗದಲ್ಲಿ ಬೂದಿ ಬಣ್ಣದ ಹತ್ತಿ ಸೀರೆ ಇತ್ತು. ಎರಡು ಗಂಟೆ ಹೆಣಗಿದರೂ ಕ್ಯಾಮೆರಾದವಳಿಗೆ ಸಮಾಧಾನವಿಲ್ಲ. “ಸಪ್ಪೆ ಕಣೇ, ಬಣ್ಣವೇ ಬರ್ತಿಲ್ಲ,” ಅಂತ ಮುಖ ಸಿಂಡರಿಸಿದಳು. ಆ ಮುಖ ನನಗೆ ತಡೆಯಲಾಗಲಿಲ್ಲ. ಹೋದೆ. ಪಂಚೆಯನ್ನು ನನ್ನ ಕೈಯಾರೆ ಎಳೆದೆ. ಕಣಗಿಲೆ ಹೂವಿನ ಕೆಂಪು, ಎರಡು ಕಡೆ ಜರಿ ಅಂಚು, ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಮೂವರೂ ಒಟ್ಟಿಗೆ ‘ಅಬ್ಬಾ’ ಅಂದರು.

ಹಾಡುವವನು ನೇಯ್ದ ಸೀರೆ ಸುತ್ತುವ ಮರದ ಮೇಲೆ ಒಂದು ಕಾಲಿಟ್ಟು, ಹಾಸಿನ ಮೇಲಿಂದ ಆ ಕಡೆಗೆ ಹಾರಬೇಕು. ಅದು ಅವರು ಅಲ್ಲೇ ಹೊಸೆದ ಐಡಿಯಾ. ಅವನು ಒಳ್ಳೆಯ ಹುಡುಗ. ಹಾರುವ ಮೊದಲು ನನ್ನನ್ನು ನೋಡಿ, “ಶೂ ಬಿಚ್ಚಲಾ? ಇದು ಸಾಮಿ ವಿಷಯ ಏನಾದ್ರೂ ಇದ್ಯಾ?” ಅಂತ ಕೇಳಿದ. ಹೊರಗಿನವನಿಗೆ ಹೊಳೆದದ್ದು, ಆ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಚೆನ್ನಾಗಿಯೇ ಹೊಳೆಯಿತು. ಆದರೂ ನಗುತ್ತಾ, “ಒಣ್ಣುಂ ಆಗಾದುಡಾ, ಏರು!” ಅಂದೆ. ಏನೂ ಆಗಲ್ಲ ಕಣೋ, ಹತ್ತು. ಬೀದಿಯ ಹಳೇ ಶಾಸ್ತ್ರಕ್ಕೆ ಹೆದರುವ ಹುಡುಗಿ ಅಂತ ಅವರು ಅಂದುಕೊಂಡುಬಿಟ್ಟರೆ ಅನ್ನುವ ಭಯ. ಅವನು ಹತ್ತಿದ, ಹಾರಿದ. ಒಂದಲ್ಲ, ನಾಲ್ಕು ಸಲ. ಅವರು ಹೋದ ಮೇಲೆ ಮರದ ಮೇಲಿದ್ದ ಶೂ ಗುರುತನ್ನು ದುಪಟ್ಟಾದಿಂದ ಒರೆಸಿ, ಪಂಚೆ ಮೊದಲಿನ ಹಾಗೆಯೇ ಹೊದಿಸಿಟ್ಟೆ. ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅದೇ ಮರಕ್ಕೆ ಕೈ ಮುಗಿದು ಕೂತರು. ನಾನು ಒಳಗೆ ಇಡ್ಲಿ ತಿನ್ನುತ್ತಿದ್ದೆ.

ವೀಡಿಯೊದಲ್ಲಿ ಅದು ಮೂರು ಸೆಕೆಂಡ್. ಬೀದಿಯವರಿಗೆ ತೋರಿಸುವ ಮೊದಲು ತೆಗೆಸಿಬಿಡೋಣ ಅಂತ ಎಡಿಟಿಂಗ್ ಮಾಡುವವನಿಗೆ ಒಂದು ಮಾತು ಹೇಳಿದೆ. “ಕ್ಲಾಸಲ್ಲಿ ಎಲ್ಲರೂ ಅದೇ ಶಾಟ್ ಬೆಸ್ಟ್ ಅಂತ ಬರೆದಿದ್ದಾರೆ, ನಿನಗೇನು ತಲೆ ಕೆಟ್ಟಿದೆಯಾ?” ಅಂದ. ಕಾರಣ ಹೇಳಬಹುದಿತ್ತು. ಹೇಳಲಿಲ್ಲ. ಮೂರು ಸೆಕೆಂಡಿನಲ್ಲಿ ಯಾರಿಗೆ ಏನು ಕಾಣುತ್ತದೆ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ತೋರಿಸುವ ಉತ್ಸಾಹ ನನಗಿಂತ ಅಪ್ಪನಿಗೆ. “ನಮ್ ಮಗ್ಗ ಪಿಚ್ಚರಲ್ಲಿ ಬಂದೈತಂತೆ” ಅಂತ ಮನೆಮನೆಗೆ ಹೇಳಿಬಂದರು. ಭಾನುವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಜಗುಲಿಯ ಮುಂದೆ ಚಾಪೆ ಹಾಸಿ, ಸ್ಟೂಲಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟರು. ಗುಡಿಯ ಕಾರ್ಯ ನೋಡಿಕೊಳ್ಳುವ ಯಜಮಾನರಿಗೆ ಕುರ್ಚಿ. ಎದುರುಮನೆ ಅತ್ತೆ ಎಲ್ಲರಿಗಿಂತ ಮುಂದೆ. ನಾನು ಎಲ್ಲರ ಕೈಗೂ ಫಾರಂ, ಪೆನ್ನು ಕೊಟ್ಟೆ. “ಪರೀಕ್ಷೆ ಬರ್ಸ್ತಾಳಲ್ಲಪ್ಪ ನಿನ್ ಮಗ್ಳು!” ಅಂತ ಅತ್ತೆ ಗೇಲಿ ಮಾಡಿದರು. ಅಪ್ಪ ಹಲ್ಲು ಕಾಣುವ ಹಾಗೆ ನಕ್ಕರು.

ಹಾಡು ಶುರುವಾಯಿತು. ಬೀದಿ ಬಂತು, ಬಾವಿ ಬಂತು, ಅವ್ವ ರಾಟೆ ತಿರುಗಿಸುವುದು ಬಂತು, ಎಲ್ಲರೂ ಕೂಗಿದರು. ಆಮೇಲೆ ಆ ಕೆಂಪು ಬಂತು. ಜನ ಹುಡುಗನ ಮುಖ ನೋಡುತ್ತಾರೆ ಅಂದುಕೊಂಡಿದ್ದೆ ನಾನು, ಪೆದ್ದಿ. ನೇಯುವವರು ಮುಖ ನೋಡುತ್ತಾರೆಯೇ? ಬಟ್ಟೆ ನೋಡುತ್ತಾರೆ. ಅತ್ತೆಯ ನಗು ಅಲ್ಲಿಗೇ ನಿಂತಿತು. ಯಜಮಾನರು ಕೈ ಎತ್ತಿ, “ನಿಲ್ಸು. ಹಿಂದಕ್ ಹಾಕು,” ಅಂದರು. ಹಾಕಿದೆ. ಬೆರಳು ಜಾರಿ, ಆ ಶೂ ಮರದ ಮೇಲಿರುವ ಕಡೆಗೇ ಸರಿಯಾಗಿ ನಿಂತಿತು.

“ಇದು ಚೌಡಮ್ಮನ್ ಪಾವಲ್ವೇನಪ್ಪ?” ಯಜಮಾನರು ಅಪ್ಪನನ್ನು ಕೇಳಿದರು.

ಅಪ್ಪ ನನ್ನ ಕಡೆ ತಿರುಗಿದರು. ಬೈಗುಳವಿರಲಿಲ್ಲ ಆ ನೋಟದಲ್ಲಿ. ‘ಇಲ್ಲ ಅಂತ ಹೇಳು ತಾಯಿ’ ಅಂತ ಕೇಳುವ ಹಾಗಿತ್ತು. ನಾನು ಕೈಯಲ್ಲಿದ್ದ ಫಾರಂಗಳನ್ನು ಎಣಿಸತೊಡಗಿದೆ. ನಿಜಕ್ಕೂ ಎಣಿಸಿದೆ, ಒಂದು, ಎರಡು, ಮೂರು ಅಂತ.

“ನಾನೇ ಹೇಳ್ದೆ ಯಜಮಾನ್ರೇ,” ಅಂದರು ಅಪ್ಪ. “ಅಲ್ಲಿ ಬೆಳ್ಕು ಚೆನ್ನಾಗೈತೆ, ಅಲ್ಲೇ ತೆಕ್ಕೊಳ್ಳಿ ಅಂತ. ಕಾಲಿಂದು ಬಿಚ್ಚಿ ಅನ್ನೋದು ಮರ್ತೋದೆ. ಮಕ್ಳು ಅವ್ರು, ಅವ್ರಿಗೇನ್ ಗೊತ್ತು.”

“ಅವ್ರಿಗ್ ಗೊತ್ತಿಲ್ಲ ಸರಿ. ನಿಂಗ್ ಗೊತ್ತಿತ್ತಲ್ಲಪ್ಪ,” ಅಂದರು ಯಜಮಾನರು. ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಬರೀ ಬೇಸರವಿತ್ತು. ಸರದಿ ಪಕ್ಕದ ಮನೆಗೆ ಹೋಗಲಿ, ಹಬ್ಬಕ್ಕೆ ಇನ್ನು ಇಪ್ಪತ್ತು ದಿನ ಇದೆ, ಹೊಸ ಪಾವು ಹಾಕಲಿ ಅಂತ ಹೇಳಿ ಎದ್ದರು. ಚಾಪೆಗಳು ಒಂದೊಂದಾಗಿ ಖಾಲಿಯಾದವು. ‘ಅಪ್ಪ ಬೇಡ ಅಂದಿದ್ದರು, ನಾನೇ ಮಾಡಿಸಿದ್ದು’ ಅನ್ನಲು ಎಷ್ಟು ಮಾತು ಬೇಕು? ಐದು. ಐದು ಮಾತು ಬಾಯಿಂದ ಹೊರಡಲಿಲ್ಲ ನನಗೆ.

ಅವ್ವ ಚಾಪೆ ಸುತ್ತುತ್ತಿದ್ದರು. ಅಪ್ಪ ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದರು. “ಮಿಕ್ಕಿದ್ದು ಹಾಕು ಕಣ್ಣು, ಪೂರ್ತಿ ನೋಡ್ತೀನಿ,” ಅಂದರು. ಹಾಕಿದೆ. ಹಾಡು ಮುಗಿದು ನಮ್ಮ ಹೆಸರುಗಳು ಬಂದವು. ಹೆಸರುಗಳ ಪಕ್ಕದಲ್ಲಿ, ಶೂಟಿಂಗ್ ವೇಳೆಯ ತಮಾಷೆ ತುಣುಕುಗಳನ್ನು ಎಡಿಟಿಂಗ್ ಮಾಡುವವನು ಸೇರಿಸಿದ್ದ. ಅದು ನನಗೆ ಮರೆತೇ ಹೋಗಿತ್ತು. ನನ್ನದೇ ಮುಖ, ನನ್ನದೇ ನಗು: “ಒಣ್ಣುಂ ಆಗಾದುಡಾ, ಏರು!” ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಪ್ಪ ಕೊನೆಯವರೆಗೂ ನೋಡಿದರು. ಪರದೆ ಕಪ್ಪಾಯಿತು.

“ನಂದೊಂದು ಫಾರಂ ಬರ್ಕೋ,” ಅಂದರು.

ಅಪ್ಪ ತಮಿಳು ಓದಲು ತಡವರಿಸುತ್ತಾರೆ, ಕನ್ನಡ ಅಕ್ಷರವಂತೂ ಅವರಿಗೆ ಬರುವುದೇ ಇಲ್ಲ. ತಮಿಳು ಫಾರಂನ ಪ್ರಶ್ನೆಗಳನ್ನು ನಾನೇ ಓದಿ ಹೇಳಿದೆ. ನಿಮಗೆ ಹಿಡಿಸಿದ್ದೇನು? “ಹಾಡು ಚೆನ್ನಾಗೈತೆ. ಹುಡ್ಗ ಚೆನ್ನಾಗ್ ಹಾಡ್ತಾನೆ.” ಬರೆದೆ. ನಿಮಗೆ ಹಿಡಿಸದೇ ಇದ್ದದ್ದೇನು? ಅಪ್ಪ ಮಗ್ಗದ ಮನೆಯ ಕಡೆ ತಿರುಗಿದರು.

“ಒಂದೂ ಇಲ್ಲ ಅಂತ ಬರ್ಕೋ. ಮಾರ್ಕ್ ಕಮ್ಮಿ ಆಗ್ಬಾರ್ದು.”

ಒಂದೂ ಇಲ್ಲ ಅಂತ ಬರೆದೆ. ಕೆಳಗೆ ಅಪ್ಪ ಬಾಗಿ ಸಹಿ ಹಾಕಿದರು. ಎದ್ದು ಒಳಗೆ ಹೋಗಿ, ಅರ್ಧ ನೇಯ್ದ ಆ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದರು. ಬಿಗಿದ ನೂಲು ಕತ್ತರಿಗೆ ಸಿಕ್ಕಿ ಕಚಕಚ ಅನ್ನುವುದು ಜಗುಲಿಗೂ ಕೇಳುತ್ತಿತ್ತು. ಮರುದಿನದಿಂದ ಪಕ್ಕದ ಮನೆಯ ಜಗುಲಿಯಲ್ಲಿ ಕೂತು ಅವರ ಲಾಳಿಗೆ ನೂಲು ಸುತ್ತಿಕೊಟ್ಟರು, ಯಾರೂ ಕರೆಯದಿದ್ದರೂ.

ಕಾಲೇಜಿನಲ್ಲಿ ನಾನು ಆ ಫಾರಂ ಓದಿದೆ. ನೇಕಾರರೇ ಮೆಚ್ಚಿದ್ದಾರೆ, ಒಂದೂ ಕೊರತೆ ಹೇಳಿಲ್ಲ ಅಂತ ಮೇಡಂ ಹೊಗಳಿದರು. ಕ್ಲಾಸು ಚಪ್ಪಾಳೆ ತಟ್ಟಿತು. ನಾನು ತಲೆಯಾಡಿಸಿದೆ. ಛೀ, ಆ ತಲೆಯಾಡಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಈಗ ತಿರುಪ್ಪೂರಿನಲ್ಲಿ ಕೆಲಸ. ಕನ್ನಡ ಅಕ್ಷರ ಇಲ್ಲಿಗೆ ಬಂದ ಮೇಲೆ ಕಲಿತೆ, ಇದನ್ನು ಬರೆಯುವುದಕ್ಕೇ ಅಂತ ಯಾರಿಗೂ ಹೇಳಿಲ್ಲ. ಹದಿನೈದು ದಿನಕ್ಕೊಮ್ಮೆ, ಬರುತ್ತೇನೆ ಅಂತ ಮೊದಲೇ ಫೋನ್ ಮಾಡಿ ಊರಿಗೆ ಹೋಗುತ್ತೇನೆ. ನಾನು ಹೋದಾಗಲೆಲ್ಲ ಮಗ್ಗದ ಮನೆಗೆ ಹಿತ್ತಾಳೆಯ ಬೀಗ ಹಾಕಿರುತ್ತದೆ. ಕಾಲ ಕೆಟ್ಟಿದೆ, ಹಾಕಿದ್ದಾರೆ ಅಂದುಕೊಂಡಿದ್ದೆ. ಹೋದ ತಿಂಗಳು ಫೋನ್ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋಗಿ ಇಳಿದೆ. ಮಗ್ಗದ ಮನೆ ಬಾಗಿಲು ಹಾರುಹೊಡೆದಿತ್ತು. ಒಳಗೆ ಯಾರೂ ಇಲ್ಲ. ಎದುರುಮನೆ ಅತ್ತೆಯ ಮೊಮ್ಮಗಳು ಖಾಲಿ ಮಗ್ಗದ ಗುಂಡಿಯಲ್ಲಿ ಗೊಂಬೆ ಇಟ್ಟುಕೊಂಡು ಆಡುತ್ತಿದ್ದಳು. ಅಪ್ಪ ಜಗುಲಿಯಲ್ಲಿ ಮಲಗಿದ್ದರು. ನನ್ನನ್ನು ಕಂಡು ಎದ್ದು ಕೂತು, “ಬಾ ಅಮ್ಮಣಿ! ಊಟ ಆಯ್ತಾ? ಬಿಸ್ಲಲ್ಲಿ ಬಂದ್ಯಲ್ಲ,” ಅಂದರು. ಅವ್ವನಿಗೆ ಕೂಗಿ ಮಜ್ಜಿಗೆ ತರಿಸಿದರು. ನಾನು ಕುಡಿಯುತ್ತಿರುವಾಗ ಮೆಲ್ಲನೆ ಎದ್ದು ಹೋಗಿ, ಆ ಮಗುವನ್ನು ಎತ್ತಿ ಹೊರಗೆ ತಂದು, ಬಾಗಿಲು ಎಳೆದು ಬೀಗ ಹಾಕಿದರು. ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಪಕ್ಕ ಕೂತು, ಇನ್ನೊಂದು ಲೋಟ ಮಜ್ಜಿಗೆ ಹಾಕಲಾ ಅಂತ ಕೇಳಿದರು.