ಫೋನು ಉಂಡ ಮೇಲೆ

ಅಮೃತೇಶ್ ಸೋಮವಾರ ಹೃದಯಾಘಾತದಿಂದ ತೀರಿಕೊಂಡ. ನಂಜನಗೂಡಿನ ಅಂಗಡಿಗಳಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡುತ್ತಿದ್ದ ಈ ಮಹಾನುಭಾವನಿಗೆ ವರ್ಷಕ್ಕೊಂದು ಯೋಚನೆ ಹೊಳೆದರೆ ಸಾಕಿತ್ತು. ಅದನ್ನೇ ರೀಲು, ಪೋಸ್ಟರು, ಸ್ಟೇಟಸ್ಸು, ಶುಭೋದಯ ಎಂದು ಹಿಂಡುತ್ತಿದ್ದ. “ಕಬ್ಬನ್ನ ಒಂದೇ ಸಲ ಗಾಣಕ್ಕೆ ಕೊಟ್ಟು ಬಿಸಾಕ್ತಾರೇನ್ಲಾ?” ಎಂದು ಗೆಳೆಯ ಮದನನ ಬಾಯಿ ಮುಚ್ಚಿಸುತ್ತಿದ್ದ. ಮದನನ ಮದುವೆಯ ಒಂದೇ ಊಟದೆಲೆಯ ಚಿತ್ರ ಹಪ್ಪಳದ ಅಂಗಡಿಗೂ ಹೋಯಿತು, ಕೊನೆಗೆ ಅಜೀರ್ಣದ ಮಾತ್ರೆಗೂ ಹೋಯಿತು. ಅಮೃತೇಶನ ಎಲೆಯಲ್ಲಿ ಮೊದಲು ಫೋನು ಉಣ್ಣುತ್ತಿತ್ತು. ಅವನಿಗೆ ಸಿಗುತ್ತಿದ್ದದ್ದು ಆರಿದ ಅನ್ನ. ಒಮ್ಮೆಯಾದರೂ ಅವನು ಬಿಸಿಯಾಗಿ ಉಣ್ಣುವುದನ್ನು ನೋಡಬೇಕೆಂಬುದು ಮದನನ ಆಸೆಯಾಗಿತ್ತು. ಸಾಯುವ ಹಿಂದಿನ ದಿನ, ಭಾನುವಾರ, ಮೂಗೂರಿನ ಮನೆಯಲ್ಲಿ ಮದನನ ತಾಯಿ ಮುದ್ದೆ, ಉಪ್ಪೆಸರು ಬಡಿಸಿ, “ಪೋಟೊ ತಗೊಳ್ಳಲ್ವೇನಪ್ಪ?” ಎಂದರು. “ಬ್ಯಾಡ ಕಣವ್ವ, ಇದು ನಂಗೆ” ಎಂದವನೇ ಫೋನನ್ನು ಬೋರಲು ಹಾಕಿ, ಬೆರಳು ಸುಡುವ ಮುದ್ದೆ ಮುರಿದ.